ಅಂಟು ಆರುವ ತನಕ

ಮೇ ತಿಂಗಳೆಂದರೆ ಅಲ್ ಖೂದ್‌ನ ಈ ಓಣಿಗೆ ಸುಗ್ಗಿ.
ಯೂನಿವರ್ಸಿಟಿ ಕಡೆಯಿಂದ ಬಂದ ಕಾರುಗಳು
ಅಡ್ಡಾದಿಡ್ಡಿ ನಿಂತು ಹಾರ್ನ್ ಒತ್ತುತ್ತವೆ:
“ದಾವೂದ್! ನಾಳೆ ಎಂಟಕ್ಕೆ. ಐದು ಪ್ರತಿ. ಕಡುಹಸಿರು ರಟ್ಟು.”
ನನ್ನ ಹೆಸರು ದಾವಲಸಾಬ.
ತಿದ್ದುವುದು ಬಿಟ್ಟು ಹನ್ನೊಂದು ವರ್ಷ.

ಅರಬ್ಬಿ ಪ್ರಬಂಧಕ್ಕೆ ಬೆನ್ನು ಬಲಕ್ಕೆ,
ಇಂಗ್ಲಿಷಿನದಕ್ಕೆ ಎಡಕ್ಕೆ.
ಗದಗಿನ ಪ್ರೆಸ್ಸಿನಲ್ಲಿ ಪಂಚಾಂಗ ಹೊಲಿದ ಕೈ ಇದು.
ಬಂದ ಮೊದಲ ವಾರವೇ ಒಬ್ಬ ಹುಡುಗನ
ಇಡೀ ಭೂಗರ್ಭಶಾಸ್ತ್ರವನ್ನು ತಲೆಕೆಳಗಾಗಿ ಕಟ್ಟಿಬಿಟ್ಟಿತ್ತು.
ಅವನು ಬೈಯಲಿಲ್ಲ, ನಕ್ಕ:
“ನಮ್ಮ ಬೆಟ್ಟಗಳೂ ಹಾಗೇ ಮಾರಾಯ,
ಸಮುದ್ರದ ತಳ ಮೇಲೆ ಬಂದು ಕೂತಿದೆ ಇಲ್ಲಿ.”

ಅಂಟು ಆರಲು ನಲವತ್ತು ನಿಮಿಷ.
ಆ ನಲವತ್ತು ನಿಮಿಷ ನನ್ನ ಕಾಲೇಜು.

ಮೊದಲು ಕೃತಜ್ಞತೆಯ ಪುಟ
(ತಾಯಿಗೆ, ಗಂಡನಿಗೆ, ಒಬ್ಬಳು ತನ್ನ ಹಳೇ ಟೊಯೋಟಾಕ್ಕೆ),
ಆಮೇಲೆ ಸಾರಾಂಶ, ತಿಳಿದಷ್ಟು.
ಖರ್ಜೂರದ ಕಾಂಡದೊಳಗೆ ಹುಳು ಮೆಲ್ಲುವ ಸದ್ದನ್ನು
ಮೈಕು ಹಚ್ಚಿ ನೂರಾ ಎಂಬತ್ತು ರಾತ್ರಿ ಕೇಳಿದ್ದಾನೆ ಒಬ್ಬ.
ಕಲಾ ವಿಭಾಗದ ಹಿಲಾಲ್‌ನ ಚಿಂತೆ ಬೇರೆ:
ಸೂರ್ ಬಂದರಿನ ಹಗ್ಗ ಎಳೆಯುವ ಹಾಡು,
ಹಗ್ಗ ಎಳೆಯುವವರೇ ಇಲ್ಲದ ಈ ದಿನಗಳಲ್ಲಿ
ಎಲ್ಲಿ ನಿಂತು ಉಸಿರು ತಗೊಳ್ಳುತ್ತದೆ?

ಸುಡಾನಿನ ಇಂತಿಸಾರ್ ಟೀಚರ್
ಎರಡನೇ ಇಯತ್ತೆಯ ಮಕ್ಕಳ ಪೆನ್ಸಿಲನ್ನೇ ನೋಡುತ್ತ ಕೂತಿದ್ದಾಳೆ.
ಅಕ್ಷರ ಬಲದಿಂದ ಎಡಕ್ಕೆ ನಡೆಯುತ್ತದೆ.
ಅಂಕಿ ಬಂದೊಡನೆ ಪೆನ್ಸಿಲು ಜಿಗಿದು, ತಿರುಗಿ,
ಎಡದಿಂದ ಬಲಕ್ಕೆ.
ಆ ಜಿಗಿತಕ್ಕೆ ಎಷ್ಟು ಹೊತ್ತು ಬೇಕು?
ಇಷ್ಟೇ ಪ್ರಶ್ನೆ. ಇನ್ನೂರ ಆರು ಪುಟ.
ಇಷ್ಟು ಸಣ್ಣದಕ್ಕೆ ಇಷ್ಟು ದಿನ ಕೂತವರನ್ನು
‘ತಲಿ ನೆಟ್ಟಗೈತಿಲ್ಲೋ’ ಅಂತಾರೆ ನಮ್ಮ ಕಡೆ.
ನಾನೂ ಅಂದಿದ್ದೆ,
ಮಗಳು ಫೋನಿನೊಳಗೆ ಪಾಟಿ ಹಿಡಿದು
ಕನ್ನಡಿಯೊಳಗಿನ ಆರು ಬರೆದು ತೋರಿಸುವ ತನಕ.

ಹೋದ ಆಗಸ್ಟಿನಲ್ಲಿ ಶಮ್ಸಾ ಬಂದಳು. ರಸಾಯನಶಾಸ್ತ್ರ.
ಪ್ರಿಂಟರು ಮುನಿಸಿಕೊಂಡಿತ್ತು, ಕಾಯಬೇಕಾಯಿತು.
ಕೌಂಟರಿನ ಮೇಲಿದ್ದ ನನ್ನ ನೋಟ್‌ಬುಕ್ಕು ತೆರೆದಳು.
“ಇದ್ಯಾವ ಲಿಪಿ? ಎಲ್ಲ ದುಂಡಗೆ, ನೊರೆಯ ಹಾಗೆ.”
ಕನ್ನಡ, ಎಂದೆ. ಅಂಟಿನ ಲೆಕ್ಕ.
ಘರ್ಬಿ ಬಿಸಿಗಾಳಿ ಬೀಸಿದ ದಿನ ಇಪ್ಪತ್ತೇ ನಿಮಿಷ, ಬಿರುಕು;
ಸಮುದ್ರದ ತೇವ ಒಳಗೆ ಬಂದರೆ ಎರಡು ತಾಸಾದರೂ ಜಿಗುಟು;
ಎಸಿ ಕೆಳಗಿಟ್ಟದ್ದು ಎರಡು ವರ್ಷಕ್ಕೆ ಬೆನ್ನು ಬಿಡುತ್ತದೆ.
ತಾರೀಖು, ಗಾಳಿ, ಹೊತ್ತು, ಯಾರ ಪ್ರಬಂಧ.

“ಎಷ್ಟು ಮಾದರಿ?” ನಗದೆ ಕೇಳಿದಳು.
ನಾಲ್ಕು ಸಾವಿರದ ಮೇಲೆ.
ಅವಳದು ಅರವತ್ತೆರಡಂತೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು.
“ಮಾರ್ಗದರ್ಶಕರು?”
ಗುರುಬಸಯ್ಯ ಮೇಸ್ತ್ರಿ, ಗದಗ. ಈಗಿಲ್ಲ.
‘ಅಂಟು ಮುಟ್ಟಿ ನೋಡಬ್ಯಾಡೋ, ಮೂಸಿ ನೋಡು’ ಅಂತಿದ್ದ.
ಬರೆದುಕೊಂಡಳು. ಹೆಸರಿನ ಸ್ಪೆಲ್ಲಿಂಗ್ ಕೇಳಿದಳು,
ಎರಡು ಸಲ.

ಅವಳ ಪ್ರಬಂಧ ಇನ್ನೂ ನನ್ನ ಮೇಜಿಗೆ ಬಂದಿಲ್ಲ.
ಎರಡು ಅಧ್ಯಾಯ ಮತ್ತೆ ಬರೆಯಬೇಕಂತೆ.
ಓಣಿಯಲ್ಲಿ ಹಾಯುವಾಗ ಗಾಜು ಇಳಿಸುತ್ತಾಳೆ,
ಸಲಾಮಿಗೂ ಮೊದಲು: “ದಾವಲ್‌ಸಾಬ್, ಇವತ್ತು ಎಷ್ಟು?”

ಇವತ್ತು: ಗಾಳಿ ಇಲ್ಲ. ಹೊರಗೆ ನಲವತ್ತಾರು ಡಿಗ್ರಿ.
ಆರಲು ಮೂವತ್ತೆಂಟು ನಿಮಿಷ.
ಓದಿದ್ದು: ಮೊಟ್ಟೆಯೊಡೆದ ಆಮೆಮರಿಗಳು
ದಂಡೆಯ ಯಾವ ದೀಪವನ್ನು ಕಡಲೆಂದು ತಿಳಿದು
ಹಿಂದಕ್ಕೆ, ರಸ್ತೆಯ ಕಡೆಗೆ, ಹರಿಯುತ್ತವೆ ಎಂಬುದು.
ಮುಗಿಯಲಿಲ್ಲ.
ಅಂಟು ಆರಿತು.